ಗುಂಡಗಿರಬೇಕಾದ ತೂತು

ಇವತ್ತು ಒಂದು ತೂತಿನ ಚರಿತ್ರೆ ಹೇಳ್ತೀನಿ. ಅಗಲ ಒಂದು ಇಂಚಿನ ಎಂಟನೇ ಏಳು ಭಾಗ, ಅಂದರೆ 22 ಮಿಲಿಮೀಟರ್‌ಗೆ ಒಂದು ಚೂರು ಜಾಸ್ತಿ. ಹೆಚ್ಚುಕಡಿಮೆ ನಮ್ಮ ಒಂದು ರೂಪಾಯಿ ನಾಣ್ಯದಷ್ಟು. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಮನ್ಸಿ ಅಂತ ಒಂದು ಊರು. 1963ರಿಂದ 1965ರವರೆಗಿನ ಮಾಡೆಲ್‌ಗಳಿಗಾಗಿ ಅಲ್ಲಿ ತಯಾರಾದ ಒಂದು ನಾಲ್ಕು ಗೇರಿನ ಗೇರ್‌ಬಾಕ್ಸಿನ ಅಲ್ಯೂಮಿನಿಯಂ ಕೇಸಿನಲ್ಲಿ ಈ ತೂತು ಇತ್ತು. ಮುಂದಿನ ಗೋಡೆಯಲ್ಲಿ ಒಂದು, ಹಿಂದಿನ ಗೋಡೆಯಲ್ಲಿ ಒಂದು. ಕಾರ್ಖಾನೆಯಿಂದ ಹೊರಟಾಗ ಎರಡೂ ಗುಂಡಗಿದ್ದವು. ಅರವತ್ತು ವರ್ಷ ಆದಮೇಲೆ, ಆಗಿನ ಶೆವರ್ಲೆ ಕಾರ್ವೆಟ್ ಇಟ್ಟುಕೊಂಡಿರೋ ಯಾರಾದರೂ ಗೇರ್‌ಬಾಕ್ಸ್ ಬಿಚ್ಚಿ ಅಳತೆ ತೆಗೆದರೆ, ಎಷ್ಟೋ ಸಲ ಆ ತೂತು ಗುಂಡಗಿರೋದಿಲ್ಲ. ಮೊಟ್ಟೆಯ ಹಾಗೆ ಒಂದು ಕಡೆಗೆ ಎಳೆದುಕೊಂಡಿರುತ್ತೆ.

ಕಣ್ಣಿಗೆ ಕಾಣೋದೇ ಕಷ್ಟ, ಕೂದಲೆಳೆ ದಪ್ಪದ ಲೆಕ್ಕ. ಆದರೆ ಆ ಕೂದಲೆಳೆಯ ಹಿಂದೆ ಒಂದು ಕಾರು, ಒಂದು ಕಂಪನಿಯ ಹಟ, ಒಂದು ಊರಿನ ಏಳುಬೀಳು ಎಲ್ಲವೂ ಇದೆ. ಕೊನೆಗೆ ಒಂದು ಪ್ರಶ್ನೆಯೂ ಇದೆ: ಸವೆದ ಹಳೇ ವಸ್ತುವನ್ನ ಸರಿಮಾಡುವಾಗ ಏನನ್ನ ಉಳಿಸಿಕೊಳ್ಳಬೇಕು?

ಮೊದಲಿಂದ ಶುರು ಮಾಡೋಣ. 1953ರ ಜನವರಿಯಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿನಲ್ಲಿ ಜನರಲ್ ಮೋಟರ್ಸ್ ತನ್ನ ಹೊಸ ಕಾರುಗಳ ಪ್ರದರ್ಶನ ಇಟ್ಟಿತ್ತು. ಅಲ್ಲಿ ಎಲ್ಲರ ಕಣ್ಣು ಕುಕ್ಕಿದ್ದು ಕಾರ್ವೆಟ್. ಫೈಬರ್‌ಗ್ಲಾಸ್ ಮೈ, ಬಿಳೀ ಬಣ್ಣ, ಎರಡೇ ಸೀಟು. ಆ ವರ್ಷ ತಯಾರಿಸಿದ್ದು ಬರೀ 300 ಕಾರು. ನೋಡೋಕೆ ಸ್ಪೋರ್ಟ್ಸ್ ಕಾರು, ಸರಿ. ಆದರೆ ಬಾನೆಟ್ ಕೆಳಗೆ 150 ಅಶ್ವಶಕ್ತಿಯ ಆರು ಸಿಲಿಂಡರಿನ ಎಂಜಿನ್. ಗೇರ್‌ಬಾಕ್ಸು ಎರಡೇ ಗೇರಿನ ಆಟೊಮ್ಯಾಟಿಕ್. ಯೂರೋಪಿನ ಸ್ಪೋರ್ಟ್ಸ್ ಕಾರು ಓಡಿಸಿ ರೂಢಿ ಇದ್ದವರಿಗೆ ಇದು ಮದುವೆ ಊಟಕ್ಕೆ ಕರೆದು ಚಿತ್ರಾನ್ನ ಬಡಿಸಿದ ಹಾಗಾಯಿತು. 1954ರಲ್ಲಿ 3,640 ಕಾರು ಮಾಡಿದರು, ಅದರಲ್ಲಿ ಎಷ್ಟೋ ಮಾರಾಟವಾಗದೆ ಉಳಿದವು. 1955ರಲ್ಲಿ ಮಾಡಿದ್ದು ಬರೀ 700. ಅದೇ ವರ್ಷ ಫೋರ್ಡ್ ಕಂಪನಿಯ ಥಂಡರ್‌ಬರ್ಡ್ ಹದಿನಾರು ಸಾವಿರಕ್ಕೂ ಹೆಚ್ಚು ಹೋಯಿತು. ಕಾರ್ವೆಟ್ ಅಲ್ಲಿಗೇ ಮುಗಿಯಬೇಕಿತ್ತು.

ಮುಗಿಯದೆ ಇದ್ದದ್ದಕ್ಕೆ ದೊಡ್ಡ ಕಾರಣ ಒಬ್ಬ ಮನುಷ್ಯ, ಜೋರಾ ಆರ್ಕಸ್-ಡಂಟೊವ್. ಬ್ರಸೆಲ್ಸ್‌ನಲ್ಲಿ ರಷ್ಯನ್ ಯಹೂದಿ ತಂದೆತಾಯಿಗೆ ಹುಟ್ಟಿದವರು, ರೇಸಿನ ಹುಚ್ಚಿದ್ದ ಎಂಜಿನಿಯರ್. ಆ ಪ್ರದರ್ಶನದಲ್ಲಿ ಕಾರ್ವೆಟ್ ನೋಡಿ, ಇದರ ಮೇಲೆ ಕೆಲಸ ಮಾಡಬೇಕು ಅಂತ ಜನರಲ್ ಮೋಟರ್ಸ್ ಸೇರಿದರು. ಸೇರಿದ ವರ್ಷದ ಕೊನೆಯಲ್ಲೇ ಮೇಲಿನವರಿಗೆ ಒಂದು ಟಿಪ್ಪಣಿ ಬರೆದರು. ಸಾರಾಂಶ ಇಷ್ಟು: ಹುಡುಗರು ಗ್ಯಾರೇಜಿನಲ್ಲಿ ಫೋರ್ಡ್ ಎಂಜಿನ್ನು ಬಿಚ್ಚಿ ಕಟ್ಟಿ ರೇಸ್ ಆಡುತ್ತಿದ್ದಾರೆ, ಅವರನ್ನ ನಮ್ಮ ಕಡೆ ತರಬೇಕಾದರೆ ಅವರಿಗೆ ಬೇಕಾದ ಸಾಮಾನು ನಾವೇ ಕೊಡಬೇಕು. ಹೊಸದಾಗಿ ಸೇರಿದವನು ಮೇಲಿನವರಿಗೆ ಉದ್ದುದ್ದ ಇಮೇಲ್ ಕಳಿಸಿದರೆ ಏನಾಗುತ್ತೆ ಅಂತ ನಮಗೆಲ್ಲ ಗೊತ್ತು. ಆದರೆ ಇಲ್ಲಿ ಮಾತು ನಡೆಯಿತು. 1955ರಲ್ಲಿ ವಿ8 ಎಂಜಿನ್ ಬಂತು. 1957ರ ಮಾಡೆಲ್ ವರ್ಷದ ನಡುವೆ ನಾಲ್ಕು ಗೇರಿನ ಮ್ಯಾನ್ಯುವಲ್ ಗೇರ್‌ಬಾಕ್ಸ್ ಬಂತು.

ಆ ನಾಲ್ಕು ಗೇರು ಬಂದ ರೀತಿಯೇ ಒಂದು ಜಾಣತನದ ಕಥೆ. ಬೋರ್ಗ್‌ವಾರ್ನರ್ ಕಂಪನಿಯ ಹತ್ತಿರ ಮೂರು ಗೇರಿನ ಟಿ-85 ಅನ್ನೋ ಪೆಟ್ಟಿಗೆ ಮೊದಲೇ ಇತ್ತು. ಅದರೊಳಗೆ ಇನ್ನೊಂದು ಗೇರಿಗೆ ಜಾಗ ಇಲ್ಲ. ಹೊಸ ಪೆಟ್ಟಿಗೆ ಮಾಡೋ ಬದಲು ರಿವರ್ಸ್ ಗೇರನ್ನ ಕಿತ್ತು ಹಿಂಬದಿಯ ಬಾಲದ ಭಾಗಕ್ಕೆ ಸಾಗಿಸಿದರು. ಖಾಲಿಯಾದ ಜಾಗದಲ್ಲಿ ಮುಂದಕ್ಕೆ ಹೋಗೋ ಇನ್ನೊಂದು ಗೇರು ಕೂತಿತು. ಅದೇ ಟಿ-10. ಬಾಡಿಗೆ ಮನೆಯಲ್ಲಿ ಮಗು ಬಂದಾಗ ಫ್ರಿಜ್ಜನ್ನ ಹಾಲಿಗೆ ತಂದಿಟ್ಟು ಅಡುಗೆಮನೆಯಲ್ಲಿ ಜಾಗ ಮಾಡಿಕೊಳ್ಳಲ್ವಾ, ಹಾಗೆ.

ಈ ಟಿ-10 ಬೋರ್ಗ್‌ವಾರ್ನರ್‌ನ ವಾರ್ನರ್ ಗೇರ್ ವಿಭಾಗದ್ದು. ವಾರ್ನರ್ ಗೇರ್ 1901ರಿಂದ ಇದ್ದ ಊರು ಮನ್ಸಿ. ಎಂಜಿನ್ ದೊಡ್ಡದಾಗುತ್ತಾ ಹೋದಂತೆ ಶೆವರ್ಲೆಗೆ ಟಿ-10ಕ್ಕಿಂತ ಗಟ್ಟಿಯಾದ, ತನ್ನದೇ ಆದ ಗೇರ್‌ಬಾಕ್ಸ್ ಬೇಕಾಯಿತು. ಅದನ್ನ ತಯಾರಿಸಿದ ಜನರಲ್ ಮೋಟರ್ಸ್ ಕಾರ್ಖಾನೆ ಎಲ್ಲಿತ್ತು ಗೊತ್ತಾ? ಅದೂ ಮನ್ಸಿಯಲ್ಲೇ. ಗಿರಾಕಿ ಕಳೆದುಕೊಂಡವರೂ ಕಸಿದುಕೊಂಡವರೂ ಒಂದೇ ಊರಿನವರು. 1963ರ ಮಾಡೆಲ್ ವರ್ಷದ ನಡುವೆ ಸ್ಟಿಂಗ್ ರೇ ಹೆಸರಿನ ಹೊಸ ಕಾರ್ವೆಟ್ಟಿಗೆ ಈ ಹೊಸ ಪೆಟ್ಟಿಗೆ ಬಂತು. ಕಾಗದದ ಮೇಲೆ ಎಂ20, ಎಂ21 ಅಂತ ಸಂಕೇತಗಳು. ಜನರ ಬಾಯಲ್ಲಿ ಅದರ ಹೆಸರು ಊರಿನದೇ: ಮನ್ಸಿ.

ಈ ಊರು ಅದಕ್ಕೂ ಮೊದಲೇ ಪುಸ್ತಕಕ್ಕೆ ಸೇರಿತ್ತು. 1880ರ ದಶಕದಲ್ಲಿ ಇಂಡಿಯಾನಾದ ನೆಲದಡಿ ನೈಸರ್ಗಿಕ ಅನಿಲ ಸಿಕ್ಕಿ ಕಾರ್ಖಾನೆಗಳು ಓಡಿ ಬಂದವು. ಉಪ್ಪಿನಕಾಯಿ, ಹಣ್ಣು ತುಂಬಿಡೋ ಗಾಜಿನ ಜಾಡಿ ಮಾಡುತ್ತಿದ್ದ ಬಾಲ್ ಸಹೋದರರು ಹಾಗೆ ಬಂದವರು. ಅನಿಲ ಮುಗಿದರೂ ಕಾರ್ಖಾನೆಗಳು ಉಳಿದವು. 1920ರ ದಶಕದಲ್ಲಿ ರಾಬರ್ಟ್ ಮತ್ತು ಹೆಲೆನ್ ಲಿಂಡ್ ಅನ್ನೋ ದಂಪತಿ ಅಲ್ಲಿಗೆ ಬಂದು, ಜನ ಹೇಗೆ ದುಡೀತಾರೆ, ಹೇಗೆ ಮದುವೆಯಾಗ್ತಾರೆ, ಏನು ಓದ್ತಾರೆ ಅಂತೆಲ್ಲ ಅಧ್ಯಯನ ಮಾಡಿ 1929ರಲ್ಲಿ ‘ಮಿಡಲ್‌ಟೌನ್’ ಅನ್ನೋ ಹೆಸರಿನಲ್ಲಿ ಪ್ರಕಟಿಸಿದರು. ಪುಸ್ತಕದಲ್ಲಿ ಊರಿನ ನಿಜವಾದ ಹೆಸರಿಲ್ಲ. ಅಮೆರಿಕದ ಸಾಧಾರಣ ಊರು ಹೇಗಿರುತ್ತೆ ಅಂತ ತೋರಿಸೋಕೆ ಆರಿಸಿಕೊಂಡ ಊರು ಇದು. ಅಂಥ ಸಾಧಾರಣ ಊರಲ್ಲಿ, ತಿಂಗಳ ಸಂಬಳದವರು ಮಾಡಿದ ಕೇಸುಗಳು ಇವು.

ಈಗ ತೂತಿಗೆ ಬರೋಣ. ಗೇರ್‌ಬಾಕ್ಸಿನೊಳಗೆ ಏನು ನಡೆಯುತ್ತೆ ಅಂತ ಚೂರು ತಿಳಿದುಕೊಂಡರೆ ಸಾಕು. ಎಂಜಿನ್ನಿನ ತಿರುಗು ಬಲ ಮುಂದಿನಿಂದ ಮೇಲಿನ ಶಾಫ್ಟಿಗೆ ಬರುತ್ತೆ. ಅಲ್ಲಿಂದ ಕೆಳಗಿಳಿದು ಒಂದರ ಪಕ್ಕ ಒಂದು ಹಲ್ಲುಚಕ್ರ ಇರೋ ಒಂದು ಇಡೀ ತುಂಡಿಗೆ ಹೋಗುತ್ತೆ. ಇದಕ್ಕೆ ಕ್ಲಸ್ಟರ್ ಗೇರ್ ಅಂತಾರೆ. ಅಲ್ಲಿಂದ ಮತ್ತೆ ಮೇಲೆ ಹತ್ತಿ ಚಕ್ರದ ಕಡೆಗೆ. ಒಂದು, ಎರಡು, ಮೂರನೇ ಗೇರಿನಲ್ಲಿ ದಾರಿ ಹೀಗೇ. ನಾಲ್ಕನೇ ಗೇರಿನಲ್ಲಿ ಮಾತ್ರ ಮುಂದಿನ ಶಾಫ್ಟು, ಹಿಂದಿನ ಶಾಫ್ಟು ನೇರವಾಗಿ ಕೂಡಿಕೊಳ್ಳುತ್ತವೆ, ಕೆಳಗಿನದು ಭಾರವಿಲ್ಲದೆ ಸುಮ್ಮನೆ ತಿರುಗುತ್ತಿರುತ್ತೆ.

ಆ ಕೆಳಗಿನ ಕ್ಲಸ್ಟರ್ ಗೇರು ತಿರುಗೋದು ಒಂದು ಉಕ್ಕಿನ ಪಿನ್ನಿನ ಮೇಲೆ. ಪಿನ್ನು ತಿರುಗೋದಿಲ್ಲ. ಅದರ ಎರಡು ತುದಿಗಳು ಕೇಸಿನ ಮುಂದಿನ ಹಿಂದಿನ ಗೋಡೆಯ ತೂತುಗಳಲ್ಲಿ ಬಿಗಿಯಾಗಿ ಕೂತಿರುತ್ತವೆ. ನಡುವೆ ಸೂಜಿಯಂಥ ಸಣ್ಣ ಉರುಳುಗಳ ಸಾಲು, ನೀಡಲ್ ಬೇರಿಂಗ್. ನೀವು ಆಕ್ಸಿಲರೇಟರ್ ಒತ್ತಿದಾಗೆಲ್ಲ ಮೇಲಿನ ಹಲ್ಲು ಕೆಳಗಿನ ಹಲ್ಲನ್ನ ತಳ್ಳುತ್ತೆ. ಹಲ್ಲಿನ ಮೈ ಓರೆಯಾಗಿರೋದರಿಂದ ಈ ತಳ್ಳಾಟ ಎರಡು ಶಾಫ್ಟುಗಳನ್ನ ದೂರ ಮಾಡೋಕೂ ನೋಡುತ್ತೆ. ಆ ಒತ್ತಡವನ್ನೆಲ್ಲ ಕೊನೆಗೆ ತಡೆಯಬೇಕಾದ್ದು ಕೇಸಿನ ಗೋಡೆಯಲ್ಲಿರೋ ಎರಡು ತೂತು.

ಕೇಸು ಬೀಡುಕಬ್ಬಿಣದ್ದಾಗಿದ್ದರೆ ತಡೆದುಕೊಳ್ಳುತ್ತಿತ್ತೇನೋ. ಆದರೆ ಸ್ಪೋರ್ಟ್ಸ್ ಕಾರಿಗೆ ತೂಕ ಕಮ್ಮಿ ಬೇಕು, ಹಾಗಾಗಿ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಮೆತ್ತಗೆ, ಅದು ಒಂದು ತೊಂದರೆ. ಇನ್ನೊಂದು ತೊಂದರೆ ಬಿಸಿಯದು. ಬಿಸಿಯಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತೆ. ಒಂದು ಲೆಕ್ಕ ಹಾಕಿ ನೋಡಿ: 20 ಡಿಗ್ರಿಯಿಂದ 90 ಡಿಗ್ರಿಗೆ ಗೇರ್‌ಬಾಕ್ಸ್ ಬಿಸಿಯಾಯಿತು ಅಂದುಕೊಳ್ಳಿ. 22.2 ಮಿಲಿಮೀಟರಿನ ತೂತು, ಅದರೊಳಗಿನ ಪಿನ್ನಿಗಿಂತ ಸುಮಾರು 0.017 ಮಿಲಿಮೀಟರ್ ಜಾಸ್ತಿ ಹಿಗ್ಗುತ್ತೆ. ಕೂದಲೆಳೆಯ ಕಾಲುಭಾಗ. ಏನು ಮಹಾ ಅನ್ನಿಸುತ್ತೆ. ಆದರೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂರಿಸೋ ಪಿನ್ನಿನ ಬಿಗಿ ಇರೋದೇ ಆ ಅಳತೆಯಲ್ಲಿ. ತಣ್ಣಗಿದ್ದಾಗ ಬಿಗಿ, ಬಿಸಿಯಾದಾಗ ಸಡಿಲ. ಸಡಿಲ ಇರೋವಾಗಲೇ ಭಾರ ಬೀಳೋದು. ಹತ್ತು ವರ್ಷ, ಇಪ್ಪತ್ತು ವರ್ಷ, ಪ್ರತಿ ಸಿಗ್ನಲ್ಲಿನಿಂದ ಹಾರಿ ಹೊರಡೋವಾಗ ಗಟ್ಟಿ ಉಕ್ಕು ಮೆತ್ತನೆ ಅಲ್ಯೂಮಿನಿಯಮ್ಮನ್ನ ಒಂದೇ ದಿಕ್ಕಿಗೆ ಒತ್ತುತ್ತಾ ಹೋಗುತ್ತೆ. ತೂತು ಮೊಟ್ಟೆಯಾಗುತ್ತೆ.

ಆಗ ಏನಾಗುತ್ತೆ? ಕೆಳಗಿನ ಗೇರು ತನ್ನ ಜಾಗ ಬಿಟ್ಟು ಓರೆಯಾಗುತ್ತೆ. ಹಲ್ಲಿಗೆ ಹಲ್ಲು ಪೂರ್ತಿ ಕೂಡೋದಿಲ್ಲ, ಅಂಚಿನಲ್ಲಿ ಉಜ್ಜುತ್ತೆ. ಮೊದಲ ಮೂರು ಗೇರಿನಲ್ಲಿ ಕೊರಗುಟ್ಟೋ ಶಬ್ದ, ನಾಲ್ಕನೇದಕ್ಕೆ ಹೋದರೆ ಮೌನ. ಮೆಕ್ಯಾನಿಕ್ಕಿಗೆ ಇಷ್ಟು ಹೇಳಿದರೆ ಸಾಕು, ಕೆಳಗಿನ ಶಾಫ್ಟನ್ನ ನೋಡಬೇಕು ಅಂತ ಗೊತ್ತಾಗುತ್ತೆ. ಸವೆದ ತೂತು ಸಾಮಾನ್ಯವಾಗಿ ಮುಂಗಡೆಯದು. ಅದರ ಆಚೆ ಇರೋದು ಕ್ಲಚ್ಚು. ಹಾಗಾಗಿ ಪಿನ್ನಿನ ಸುತ್ತ ಜಿನುಗಿದ ಎಣ್ಣೆ ಕ್ಲಚ್ ಪ್ಲೇಟಿಗೂ ಹೋಗಬಹುದು.

ಶೆವರ್ಲೆಯವರ ಉತ್ತರ 1966ರ ಮಾಡೆಲ್ಲಿನಲ್ಲಿ ಕಾಣುತ್ತೆ. ಅಷ್ಟರಲ್ಲಿ ಕಾರ್ವೆಟ್ಟಿನ ದೊಡ್ಡ ಎಂಜಿನ್ನು 396 ಘನ ಇಂಚಿನಿಂದ 427ಕ್ಕೆ ಏರಿತ್ತು. ಗೇರ್‌ಬಾಕ್ಸಿನ ಪಿನ್ನನ್ನ ಒಂದು ಇಂಚಿಗೆ ದಪ್ಪ ಮಾಡಿದರು. ನೀಡಲ್‌ಗಳ ಸಂಖ್ಯೆ 80ರಿಂದ 112ಕ್ಕೆ ಹೋಯಿತು. ಆ ಸುಮಾರಿಗೇ ಎಂ22 ಅನ್ನೋ ಇನ್ನೂ ಗಟ್ಟಿಯಾದ ಮಾದರಿಯೂ ಬಂತು. ಅದರ ಹಲ್ಲುಗಳ ಓರೆ ಕಮ್ಮಿ. ಓರೆ ಕಮ್ಮಿಯಾದರೆ ಶಾಫ್ಟನ್ನ ಉದ್ದುದ್ದಕ್ಕೆ ತಳ್ಳೋ ಬಲ ಕಮ್ಮಿ, ಆದರೆ ಶಬ್ದ ಜಾಸ್ತಿ. ಕಲ್ಲು ಅರೆಯೋ ಯಂತ್ರದ ಹಾಗೆ ಸದ್ದು ಮಾಡುತ್ತೆ ಅಂತ ಅದಕ್ಕೆ ‘ರಾಕ್ ಕ್ರಷರ್’ ಅನ್ನೋ ಹೆಸರೇ ಬಿತ್ತು. ಈ ಬದಲಾವಣೆಗಳು ಆಮೇಲಿನ ಕಾರುಗಳಿಗೆ ಆದವು. ಅದಕ್ಕೂ ಹಿಂದೆ ರಸ್ತೆಗಿಳಿದಿದ್ದವು ತಮ್ಮ ಸಣ್ಣ ಪಿನ್ನಿನ ಜೊತೆಗೇ ಬದುಕಬೇಕಾಯಿತು. ಸಾಫ್ಟ್‌ವೇರಿನಲ್ಲಾದರೆ ರಾತ್ರೋರಾತ್ರಿ ಎಲ್ಲರಿಗೂ ಅಪ್‌ಡೇಟ್ ಕಳಿಸಬಹುದು. ಎರಕ ಹೊಯ್ದ ಲೋಹಕ್ಕೆ ಆ ಭಾಗ್ಯ ಇಲ್ಲ.

ಇವತ್ತು ಅಂಥ ಒಂದು 1964ರ ಕಾರು ಇಟ್ಟುಕೊಂಡವರ ಮುಂದೆ ಮೂರು ದಾರಿ ಇದೆ. ಹೊಸದಾಗಿ ಎರಕ ಹೊಯ್ದ, ಹಳೇದಕ್ಕಿಂತ ಗಟ್ಟಿಯಾದ ಕೇಸು ಸಿಗುತ್ತೆ, ಅದನ್ನ ತಂದು ಹಾಕೋದು. ಅಥವಾ ಇನ್ಯಾವುದೋ ಹಳೇ ಕಾರಿನ ಚೆನ್ನಾಗಿರೋ ಕೇಸು ಹುಡುಕೋದು. ಅಥವಾ ಇದ್ದ ಕೇಸನ್ನೇ ಸರಿಮಾಡಿಸೋದು.

ಮೊದಲನೇದು ಸುಲಭ ಅಲ್ವಾ? ಸುಲಭವೇ. ಆದರೆ ಆ ಹಳೇ ಕೇಸು ಬರೀ ಪೆಟ್ಟಿಗೆ ಅಲ್ಲ, ಒಂದು ದಾಖಲೆ ಕೂಡ. ಮೈಮೇಲೆ ಎರಕದ ನಂಬರು ಉಬ್ಬಿ ನಿಂತಿರುತ್ತೆ. ‘ಪಿ’ ಅಕ್ಷರದಿಂದ ಶುರುವಾಗೋ ಒಂದು ಸಂಕೇತ ಗುದ್ದಿರುತ್ತಾರೆ. ಯಾವ ತಿಂಗಳು, ಯಾವ ದಿನ ಜೋಡಿಸಿದ್ದು ಅಂತ ಅದರಲ್ಲಿದೆ. 1967ರಿಂದ ವರ್ಷದ ಅಂಕಿಯೂ ಸೇರಿತು, 1969ರಿಂದ ಎಂ20, ಎಂ21, ಎಂ22ಕ್ಕೆ ಎ, ಬಿ, ಸಿ ಅನ್ನೋ ಗುರುತೂ ಸೇರಿತು. ಜೊತೆಗೆ ಕಾರಿನದೇ ಕ್ರಮಸಂಖ್ಯೆಯ ಒಂದು ತುಣುಕನ್ನ ಎಂಜಿನ್ನಿನ ಮೇಲೂ ಗೇರ್‌ಬಾಕ್ಸಿನ ಮೇಲೂ ಗುದ್ದಿದ್ದರೆ, ಮೂರೂ ಒಟ್ಟಿಗೆ ಹುಟ್ಟಿದವು ಅಂತ ಸಾಬೀತಾಗುತ್ತೆ. ನಂಬರು ಕೂಡೋ ಕಾರಿಗೆ ಬೆಲೆ ಬೇರೆ, ಕೂಡದೇ ಇರೋದಕ್ಕೆ ಬೆಲೆ ಬೇರೆ. ಈ ವ್ಯತ್ಯಾಸದಿಂದಲೇ ಒಂದು ಕಳ್ಳ ಕಸುಬೂ ಹುಟ್ಟಿದೆ: ಯಾವುದೋ ಕೇಸಿನ ನಂಬರು ಉಜ್ಜಿ ಅಳಿಸಿ, ಬೇಕಾದ ನಂಬರು ಗುದ್ದೋದು.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡ್ತೀನಿ. ದಿನಾ ಆಫೀಸಿಗೆ ಓಡಿಸೋ ಕಾರಾದರೆ ಹೊಸ ಕೇಸು ಹಾಕೋದರಲ್ಲಿ ತಪ್ಪೇನಿಲ್ಲ, ಹಳೇದನ್ನ ಎಸೆಯದೆ ಎತ್ತಿಟ್ಟರೆ ಆಯಿತು. ಸುಳ್ಳು ನಂಬರು ಗುದ್ದೋದು ಮಾತ್ರ ಯಾವ ಕಾರಣಕ್ಕೂ ಸರಿಯಲ್ಲ. ಅದು ಕಾರನ್ನ ಕೊಳ್ಳೋವನಿಗಷ್ಟೇ ಮಾಡೋ ಮೋಸ ಅಲ್ಲ, ಆ ದಿನ ಆ ಬೆಂಚಿನ ಮುಂದೆ ನಿಂತು ಜೋಡಿಸಿದವರ ಹಾಜರಿ ಪುಸ್ತಕವನ್ನೇ ತಿದ್ದಿದ ಹಾಗೆ. ಆದರೆ ಕೇಸು ಒಡೆಯದೆ ಬರೀ ತೂತು ಸವೆದಿದ್ದರೆ, ಮೂರನೇ ದಾರಿಯಷ್ಟು ಒಳ್ಳೇದು ಇನ್ನೊಂದಿಲ್ಲ. ಯಾಕಂದರೆ ಅದು ಸಾಧ್ಯ, ಮತ್ತು ಮಾಡೋ ರೀತಿ ಗೊತ್ತಿರೋದು.

ನಮ್ಮ ಯಾವುದೇ ಲೇತ್ ಅಂಗಡಿಯಲ್ಲಿ ಇದನ್ನ ಒಂದೇ ಮಾತಲ್ಲಿ ಹೇಳ್ತಾರೆ: ಬುಷ್ ಹಾಕೋದು. ಸವೆದ ತೂತನ್ನ ಚೂರು ದೊಡ್ಡದಾಗಿ ಕೊರೆದು, ಒಳಗೆ ಒಂದು ಲೋಹದ ಬಳೆ ಬಿಗಿಯಾಗಿ ಕೂರಿಸಿ, ಬಳೆಯ ಒಳಗನ್ನ ಮತ್ತೆ ಸರಿಯಾದ ಅಳತೆಗೆ ತರೋದು. ಕೇಳೋಕೆ ಸುಲಭ. ಕಷ್ಟ ಇರೋದು ಎಲ್ಲಿ ಕೊರೆಯಬೇಕು ಅನ್ನೋದರಲ್ಲಿ.

ಅನುಭವ ಇಲ್ಲದವರು ಮಾಡೋ ತಪ್ಪು ಅಂದ್ರೆ ಸವೆದ ತೂತಿನ ನಡುವನ್ನೇ ನಡು ಅಂತ ಹಿಡಿಯೋದು. ತೂತು ಒಂದೇ ದಿಕ್ಕಿಗೆ ಎಳೆದುಕೊಂಡಿದೆ ಅಂದಮೇಲೆ ಅದರ ನಡುವೂ ಆ ಕಡೆಗೇ ಜರುಗಿರುತ್ತೆ. ಅದನ್ನ ನಂಬಿ ಕೊರೆದರೆ ತೂತು ಚೆಂದ ಗುಂಡಗಾಗುತ್ತೆ, ಆದರೆ ತಪ್ಪು ಜಾಗದಲ್ಲಿ. ಹಳೇ ಸವೆತವನ್ನ ಹೊಸ ಬಳೆಯೊಳಗೆ ಭದ್ರ ಮಾಡಿದ ಹಾಗೆ. ಅದಕ್ಕೇ ಗೊತ್ತಿರೋ ಮೆಷಿನಿಸ್ಟ್ ಮೊದಲು ಸವೆಯದೇ ಇರೋ ಜಾಗ ಹುಡುಕ್ತಾನೆ. ಮೇಲಿನ ಶಾಫ್ಟಿನ ಬೇರಿಂಗ್ ಕೂರೋ ದೊಡ್ಡ ತೂತು ಮತ್ತು ಕೇಸಿನ ಸಮತಟ್ಟಾದ ಮುಖಗಳು ಸಾಮಾನ್ಯವಾಗಿ ಚೆನ್ನಾಗಿರುತ್ತವೆ. ಕೇಸನ್ನ ಮಿಲ್ಲಿಂಗ್ ಮಷೀನಿಗೆ ಕಟ್ಟಿ, ಡಯಲ್ ಇಂಡಿಕೇಟರನ್ನ ಆ ದೊಡ್ಡ ತೂತಿನೊಳಗೆ ಸುತ್ತಿಸಿ ಅದರ ನಿಜವಾದ ನಡು ಹಿಡಿದು, ಅಲ್ಲಿಂದ ಕೆಳಗಿನ ಶಾಫ್ಟು ಎಷ್ಟು ದೂರ ಇರಬೇಕೋ ಅಷ್ಟು ದೂರ ಸರಿದು ಕೊರೀತಾನೆ. ಮುಂದಿನದು ಹಿಂದಿನದು ಎರಡೂ ಒಂದೇ ನೇರದಲ್ಲಿ ಇರಬೇಕು. ಸವೆದ ತೂತು ಏನು ಹೇಳುತ್ತೆ ಅಂತ ಕೇಳೋದೇ ಇಲ್ಲ.

ಬೆಸುಗೆ ಹಾಕಿ ತುಂಬಿಸಬಾರದಾ ಅಂತ ನೀವು ಕೇಳಬಹುದು. ಹಾಕಬಹುದು. ಆದರೆ ಅರವತ್ತು ವರ್ಷ ಎಣ್ಣೆ ಕುಡಿದ ಎರಕದಲ್ಲಿ ಬೆಸುಗೆ ಶುದ್ಧವಾಗಿ ಹಿಡಿಯೋದು ಕಷ್ಟ, ಆ ಬಿಸಿಗೆ ಕೇಸು ಚೂರು ಸೊಟ್ಟಗಾದರೆ ಚೆನ್ನಾಗಿದ್ದ ಬೇರೆ ತೂತುಗಳೂ ಜಾಗ ಬಿಡುತ್ತವೆ. ಬಳೆ ಹಾಕೋದಕ್ಕೆ ಅಷ್ಟು ಬಿಸಿ ಬೇಡ. ಕೇಸನ್ನ ಹದವಾಗಿ ಕಾಯಿಸಿದರೆ ತೂತು ಹಿಗ್ಗುತ್ತೆ, ತಣ್ಣಗಿನ ಬಳೆ ಒಳಗಿಳಿಯುತ್ತೆ, ಆರಿದಮೇಲೆ ಕಚ್ಚಿಕೊಳ್ಳುತ್ತೆ. ಯಾವ ಗುಣ ಪಿನ್ನನ್ನ ಸಡಿಲ ಮಾಡಿತ್ತೋ ಅದೇ ಗುಣ ಇಲ್ಲಿ ಕೆಲಸಕ್ಕೆ ಬರುತ್ತೆ. ಬಳೆಗೆ ಉಕ್ಕು ಹಾಕುವವರಿದ್ದಾರೆ, ಕಂಚು ಹಾಕುವವರಿದ್ದಾರೆ. ಕಂಚು ಹಿಗ್ಗೋದು ಉಕ್ಕಿಗಿಂತ ಜಾಸ್ತಿ, ಅಲ್ಯೂಮಿನಿಯಮ್ಮಿಗಿಂತ ಕಮ್ಮಿ. ಎರಡು ಮನೆಯ ನಡುವಿನ ನೆಂಟನ ಹಾಗೆ.

ಇನ್ನೊಂದು ಉಪಾಯವೂ ಇದೆ. ಹಳೇ ಸಣ್ಣ ತೂತನ್ನ ನೇರವಾಗಿ ಒಂದು ಇಂಚಿಗೇ ಕೊರೆದು, 1966ರ ದಪ್ಪ ಪಿನ್ನು ಹಾಕೋದು. ಆಗ ಕ್ಲಸ್ಟರ್ ಗೇರೂ ಆ ಕಾಲದ್ದು ಬೇಕು, ಅದಕ್ಕೆ ಕೂಡೋ ಗೇರುಗಳೂ ಬೇಕಾಗಬಹುದು. ಖರ್ಚು ಜಾಸ್ತಿ. ಆದರೆ ಅಂದು ಆ ಕಾರಿಗೆ ಸಿಗದೇ ಹೋದ ತಿದ್ದುಪಡಿ ಅರವತ್ತು ವರ್ಷ ತಡವಾಗಿ ಸಿಕ್ಕಿದ ಹಾಗಾಯಿತು.

ಮನ್ಸಿಯ ಆ ಗೇರ್‌ಬಾಕ್ಸಿನ ತಯಾರಿಕೆ 1974ರಲ್ಲಿ ನಿಂತಿತು. ಆಮೇಲೆ ಕಾರ್ವೆಟ್ಟಿಗೆ ಬಂದದ್ದು ಬೋರ್ಗ್‌ವಾರ್ನರ್‌ನ ಸೂಪರ್ ಟಿ-10. ಕಳೆದುಕೊಂಡ ಗಿರಾಕಿ ವಾಪಸು ಬಂದ. ಆದರೆ ಊರಿಗೆ ಅದರಿಂದ ಬಹುಕಾಲ ನಡೆಯಲಿಲ್ಲ. ಜನರಲ್ ಮೋಟರ್ಸಿನ ಕಾಲದಿಂದ ಬಂದ ಗೇರ್‌ಬಾಕ್ಸ್ ಕಾರ್ಖಾನೆ 2006ರಲ್ಲಿ ಮುಚ್ಚಿತು. ಬೋರ್ಗ್‌ವಾರ್ನರ್ ಕಾರ್ಖಾನೆ 2009ರಲ್ಲಿ ಮುಚ್ಚಿತು. ಶತಮಾನಕ್ಕೂ ಹೆಚ್ಚು ಕಾಲ ಗೇರು ಕಡಿದ ಊರಲ್ಲಿ ಆ ಎರಡು ದೊಡ್ಡ ಗೇಟುಗಳಿಗೆ ಬೀಗ ಬಿತ್ತು. ಆ ಊರಿನ ಹೆಸರನ್ನ ಈಗಲೂ ದಿನಾ ಹೇಳೋವರು ಅಂದರೆ ಹಳೇ ಕಾರಿನ ಕೆಳಗೆ ಅಂಗಾತ ಮಲಗಿರೋ ಜನ. “ಇದು ಮನ್ಸಿನಾ, ಟಿ-10ನಾ?” ಅಂತ ಕೇಳಿಕೊಳ್ಳೋವಾಗ ಅವರ ಮನಸ್ಸಿನಲ್ಲಿ ಊರೇ ಇರೋದಿಲ್ಲ.

ಹಾಗಾಗಿ ನಿಮಗೆ ಯಾವತ್ತಾದರೂ ಇಂಥ ಹಳೇ ಯಂತ್ರ ಸರಿಮಾಡಿಸೋ ಸಂದರ್ಭ ಬಂದರೆ, ಕಾರೇ ಆಗಬೇಕಿಲ್ಲ, ಅಜ್ಜನ ಹೊಲಿಗೆ ಮಷೀನೂ ಆಗಬಹುದು, ಎರಡು ಕೆಲಸ ಮಾಡಿ. ಬಿಚ್ಚೋ ಮೊದಲು ಮೈಮೇಲಿನ ನಂಬರುಗಳ ಫೋಟೊ ತೆಗೆದಿಡಿ. ಸರಿಮಾಡಿದಮೇಲೆ ಏನು ಸವೆದಿತ್ತು, ಎಷ್ಟು ಸವೆದಿತ್ತು, ಏನು ಹಾಕಿದಿರಿ, ಯಾವ ದಿನ ಅಂತ ಒಂದು ಚೀಟಿಯಲ್ಲಿ ಬರೆದು ಬಿಲ್ಲಿನ ಜೊತೆ ಇಡಿ. ಮನ್ಸಿಯಲ್ಲಿ ಗುದ್ದಿದ ದಿನಾಂಕ ಒಂದು ಕಡೆ, ಬಳೆ ಹಾಕಿದ ದಿನಾಂಕ ಇನ್ನೊಂದು ಕಡೆ. ಮುಂದೆ ಅದನ್ನ ಬಿಚ್ಚೋವನಿಗೆ ಎರಡೂ ಬೇಕಾಗುತ್ತೆ.